ಓಮ್ನಿ ವ್ಯಾನಿನ ಹಿಂಭಾಗಕ್ಕೆ ಎಲ್‌ಇಡಿ ದೀಪ: ವೈರ್ ಎಲ್ಲಿಂದ ಎಳೆಯಬೇಕು, ದೀಪ ಎಲ್ಲಿ ಕೂರಿಸಬೇಕು?

ಪಾಂಡವಪುರ ಪಂಪ್‌ಸೆಟ್:

ಎಲ್ಲರಿಗೂ ನಮಸ್ಕಾರ. ನಾನು ಪಾಂಡವಪುರ ಮತ್ತು ಶ್ರೀರಂಗಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ಪಂಪ್‌ಸೆಟ್, ಸ್ಟಾರ್ಟರ್ ಮತ್ತು ಸಬ್‌ಮರ್ಸಿಬಲ್ ಮೋಟಾರುಗಳ ದುರಸ್ತಿ ಮಾಡುತ್ತೇನೆ. ಹಳೆಯ ಮಾರುತಿ ಓಮ್ನಿ ಕಾರ್ಗೋ ವ್ಯಾನೇ ನನ್ನ ಅಂಗಡಿ. ಅದರ ಎರಡೂ ಬದಿಗೆ ಪ್ಲೈವುಡ್ ಅರೆಗಳನ್ನು ಮಾಡಿಸಿ, ಬೇರಿಂಗು, ಬುಷ್, ಕೆಪಾಸಿಟರ್, ಗ್ಲ್ಯಾಂಡ್ ದಾರ, ಸ್ಟಾರ್ಟರ್ ಕಾಯಿಲುಗಳನ್ನು ಸಣ್ಣ ಡಬ್ಬಿಗಳಲ್ಲಿ ಜೋಡಿಸಿಟ್ಟುಕೊಂಡಿದ್ದೇನೆ. ತ್ರೀ ಫೇಸ್ ವಿದ್ಯುತ್ ರಾತ್ರಿಯ ಪಾಳಿಯಲ್ಲಿ ಬರುವ ದಿನಗಳಲ್ಲಿ ನನಗೆ ಕರೆ ಬರುವುದೇ 10 ಗಂಟೆಯ ಮೇಲೆ. ನಾಟಿ ಹಾಕಿದ ಗದ್ದೆಗೆ ನೀರು ಬರುವುದು ನಿಂತರೆ ರೈತರು ಬೆಳಗಿನವರೆಗೆ ಕಾಯಲಾರರು. ಮರುದಿನ ಬರುತ್ತೇನೆಂದು ಹೇಳಲು ನನಗೂ ಮನಸ್ಸು ಬರುವುದಿಲ್ಲ.

ವ್ಯಾನಿನ ಹಿಂಭಾಗದಲ್ಲಿ ಮೊದಲಿನಿಂದ ಇದ್ದುದು ಒಂದೇ ಸಣ್ಣ ಬಲ್ಬು. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಡಬ್ಬಿಗಳಲ್ಲಿ ಹುಡುಕುವುದು ಸಾಕಾಗಿ, ಕಳೆದ ವರ್ಷ 5 ಮೀಟರಿನ ಬಿಳಿ ಎಲ್‌ಇಡಿ ಸ್ಟ್ರಿಪ್ ತಂದು ಚಾವಣಿಯ ಸುತ್ತ ಅಂಟಿಸಿದೆ. ವೈರನ್ನು ಸ್ಟೀರಿಯೋ ವೈರಿನಿಂದ ತೆಗೆದುಕೊಂಡೆ. ಮೊದಲ ವಾರ ಬೆಳಕು ಚೆನ್ನಾಗಿತ್ತು. ಬೇಸಿಗೆ ಬಂದಾಗ ಅಂಟು ಬಿಟ್ಟು ಸ್ಟ್ರಿಪ್ ಜೋತು ಬಿದ್ದಿತು. ವೈರ್ ಸೇರಿಸಿದ ತುದಿಯ ಸುಮಾರು ಒಂದು ಮೀಟರ್ ಭಾಗ ಕಂದು ಬಣ್ಣಕ್ಕೆ ತಿರುಗಿ ಮೂರು ಮೂರು ದೀಪಗಳು ಒಟ್ಟಿಗೆ ಆರುತ್ತ ಹೋದವು. ಆ ಕಡೆಯ ತುದಿ ಮೊದಲಿನಿಂದಲೂ ಮಂದವಾಗಿತ್ತು. ಇದೆಲ್ಲದಕ್ಕಿಂತ ದೊಡ್ಡ ತೊಂದರೆಯೆಂದರೆ, ದೀಪ ಉರಿಯಬೇಕಾದರೆ ಕೀಲಿಯನ್ನು ವಾಹನದಲ್ಲೇ ತಿರುಗಿಸಿ ಬಿಟ್ಟು ನಾನು ಗದ್ದೆಯೊಳಗೆ ಹೋಗಬೇಕು.

ಈಗ ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡಬೇಕೆಂದಿದ್ದೇನೆ. ಸ್ಟ್ರಿಪ್ ಒಳ್ಳೆಯದೇ, ಬೇರೆ ಬಗೆಯ ದೀಪ ಒಳ್ಳೆಯದೇ? ಬ್ಯಾಟರಿಯಿಂದ ನೇರವಾಗಿ ವೈರ್ ಎಳೆದರೆ ಬೆಳಗ್ಗೆ ವಾಹನ ಸ್ಟಾರ್ಟ್ ಆಗದಂತೆ ಆಗುವುದಿಲ್ಲವೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ.

ಮೇಟಗಳ್ಳಿ ಡ್ರೈವರ್:

ವಾಹನ ಪೆಟ್ರೋಲಿನದೇ, ಗ್ಯಾಸಿನದೇ? ಗ್ಯಾಸ್ ಸಿಲಿಂಡರ್ ಹಿಂದೆ ಇದ್ದರೆ ಸಲಹೆಯೇ ಬೇರೆಯಾಗುತ್ತದೆ. ದೀಪ ರಾತ್ರಿಗೆ ಎಷ್ಟು ಹೊತ್ತು ಉರಿಯಬೇಕು ಎಂಬುದನ್ನೂ ತಿಳಿಸಿ.

ಪಾಂಡವಪುರ ಪಂಪ್‌ಸೆಟ್:

ಪೆಟ್ರೋಲ್ ಮಾತ್ರ, ಗ್ಯಾಸ್ ಕಿಟ್ ಇಲ್ಲ. ಒಂದು ರಾತ್ರಿಗೆ ಹೆಚ್ಚೆಂದರೆ 3 ಗಂಟೆ ಉರಿಯಬೇಕಾಗಬಹುದು. ಬ್ಯಾಟರಿ 35 ಆಂಪಿಯರ್-ಅವರ್‌ನದು, ಹಾಕಿಸಿ ಒಂದು ವರ್ಷವಾಗಿದೆ.

ಹೆಬ್ಬಾಳ ಆಟೋ ಎಲೆಕ್ಟ್ರಿಕಲ್ಸ್:

ಅಣ್ಣ, ತಾವು ಬರೆದಿರುವ ಲಕ್ಷಣಗಳನ್ನು ಓದಿದ ಕೂಡಲೇ ಕಾರಣ ತಿಳಿಯಿತು. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಬಳಿ ವಾಹನಗಳ ವೈರಿಂಗ್ ಕೆಲಸ ಮಾಡುತ್ತೇನೆ. ಇಂಥ ಕಂದಿದ ಸ್ಟ್ರಿಪ್‌ಗಳನ್ನು ಬಿಚ್ಚಿ ಹಾಕುವುದು ನನ್ನ ದಿನನಿತ್ಯದ ಕೆಲಸವಾಗಿಬಿಟ್ಟಿದೆ.

12 ವೋಲ್ಟಿನ ಸ್ಟ್ರಿಪ್ಪಿನಲ್ಲಿ ಮೂರು ಎಲ್‌ಇಡಿ ಮತ್ತು ಒಂದು ರೆಸಿಸ್ಟರ್ ಸಾಲಾಗಿ ಸೇರಿ ಒಂದು ತುಂಡಾಗಿರುತ್ತವೆ. ಅದಕ್ಕೇ ಅದು ಮೂರು ಮೂರಾಗಿ ಆರುತ್ತದೆ. ಪ್ರತಿ ಎಲ್‌ಇಡಿ ಸುಮಾರು 3 ವೋಲ್ಟ್ ತೆಗೆದುಕೊಂಡರೆ 9 ವೋಲ್ಟ್ ಆಯಿತು, ಉಳಿದ 3 ವೋಲ್ಟನ್ನು ರೆಸಿಸ್ಟರ್ ಹೊರುತ್ತದೆ. ಇದು ಸರಿಯಾಗಿ 12 ವೋಲ್ಟ್ ಕೊಡುವ ಮನೆಯ ಅಡಾಪ್ಟರಿಗೆ ಹೊಂದುವ ಲೆಕ್ಕ. ವಾಹನದಲ್ಲಿ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 14ರಿಂದ 14.4 ವೋಲ್ಟ್ ಇರುತ್ತದೆ. ಹೆಚ್ಚುವರಿ 2.4 ವೋಲ್ಟ್ ಬಹುತೇಕ ರೆಸಿಸ್ಟರಿನ ಮೇಲೆಯೇ ಬೀಳುವುದರಿಂದ ಕರೆಂಟ್ ಒಂದೂವರೆ ಪಟ್ಟಿಗೂ ಮೀರಿ ಏರುತ್ತದೆ, ಶಾಖ ಅದಕ್ಕಿಂತಲೂ ಬೇಗ ಏರುತ್ತದೆ. ಮೇಲೆ ಬಿಸಿಲಿಗೆ ಕಾದ ತಗಡು, ಕೆಳಗೆ ಶಾಖ ಬಿಡುತ್ತಿರುವ ಸ್ಟ್ರಿಪ್, ನಡುವೆ ಒಂದು ಪದರ ಅಂಟು. ಅಂಟು ಬಿಡದೆ ಇನ್ನೇನಾಗುತ್ತದೆ? ವೈರ್ ಸೇರಿಸಿದ ತುದಿಗೆ ಪೂರ್ಣ ವೋಲ್ಟೇಜ್ ಸಿಕ್ಕಿ ಅದು ಸುಟ್ಟಿತು. ಸ್ಟ್ರಿಪ್ಪಿನೊಳಗಿನ ತೆಳುವಾದ ತಾಮ್ರದ ಪಟ್ಟಿಯಲ್ಲೇ ವೋಲ್ಟೇಜ್ ಸೋರಿಹೋದುದರಿಂದ ಆ ಕಡೆಯ ತುದಿ ಮಂಕಾಯಿತು.

ಆದ್ದರಿಂದ ನನ್ನ ಮೊದಲ ಸಲಹೆ, ವಾಹನಕ್ಕೆಂದೇ ಮಾಡಿದ, ಒಳಗೇ ಡ್ರೈವರ್ (ದೀಪಕ್ಕೆ ಹೋಗುವ ಕರೆಂಟನ್ನು ಹದದಲ್ಲಿಡುವ ಸರ್ಕ್ಯೂಟ್) ಇರುವ ಬಾರ್ ಲೈಟ್‌ಗಳನ್ನು ತೆಗೆದುಕೊಳ್ಳಿ. ಅವುಗಳ ಮೇಲೆ 9–32 ವೋಲ್ಟ್ ಅಥವಾ 10–30 ವೋಲ್ಟ್ ಎಂದು ಬರೆದಿರುತ್ತದೆ. ಎಂಜಿನ್ ಓಡಲಿ, ನಿಂತಿರಲಿ, ಬೆಳಕು ಒಂದೇ ಸಮನಾಗಿರುತ್ತದೆ. ಅಲ್ಯೂಮಿನಿಯಂ ಬೆನ್ನಿರುವ 6 ವ್ಯಾಟಿನ ನಾಲ್ಕು ಬಾರ್‌ಗಳಾದರೆ ಒಟ್ಟು 24 ವ್ಯಾಟ್, ಅಂದರೆ ಸುಮಾರು 2 ಆಂಪಿಯರ್. ತಮ್ಮ ಓಮ್ನಿಗೆ ಅದು ಧಾರಾಳವಾಯಿತು. ಸ್ಟ್ರಿಪ್ಪೇ ಬೇಕೆಂದಿದ್ದರೆ ನಡುವೆ ವೋಲ್ಟೇಜನ್ನು 12ಕ್ಕೆ ಕಟ್ಟಿಹಾಕುವ ಕನ್ವರ್ಟರ್ ಹಾಕಿ, ಅಲ್ಯೂಮಿನಿಯಂ ಚಾನೆಲ್ಲಿನೊಳಗೆ ಸ್ಟ್ರಿಪ್ ಕೂರಿಸಬೇಕು. ಅಷ್ಟು ಮಾಡುವ ಹೊತ್ತಿಗೆ ಬಾರ್ ಲೈಟ್‌ಗಳ ಖರ್ಚೇ ಆಗಿರುತ್ತದೆ.

ಎರಡನೆಯದು, ಮತ್ತು ಇದನ್ನು ದಯವಿಟ್ಟು ಮನಸ್ಸಿಟ್ಟು ಓದಬೇಕು: ದೀಪ ಯಾವುದಾದರೂ ಆಗಲಿ, ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ವೈರಿಗೆ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಎಷ್ಟೋ ಜನ ಫ್ಯೂಸನ್ನು ದೀಪದ ಹತ್ತಿರ ಹಾಕುತ್ತಾರೆ. ಫ್ಯೂಸ್ ಕಾಯುವುದು ದೀಪವನ್ನಲ್ಲ, ವೈರನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರ್ ವಾಹನದ ಬಾಡಿಗೆ, ಅಂದರೆ ಬ್ಯಾಟರಿಯ ನೆಗೆಟಿವ್ ಸೇರಿರುವ ತಗಡಿಗೆ, ತಾಗಿದರೆ ಅಲ್ಲಿ ಹರಿಯುವ ಕರೆಂಟನ್ನು ತಡೆಯುವ ವಸ್ತು ಯಾವುದೂ ಇರುವುದಿಲ್ಲ, ವೈರೇ ಕೆಂಪಗೆ ಕಾದು ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತುತ್ತದೆ. ತಮ್ಮ 2 ಆಂಪಿಯರ್ ದೀಪಕ್ಕೆ 5 ಆಂಪಿಯರಿನ ಬ್ಲೇಡ್ ಫ್ಯೂಸ್ ಸಾಕು. ಅದು ತಿಳಿ ಕಂದು ಬಣ್ಣದ್ದು. ಮುಂದೆ ಎಂದಾದರೂ ಅದು ಸುಟ್ಟರೆ ಕೈಗೆ ಸಿಕ್ಕ ನೀಲಿ 15 ಆಂಪಿಯರ್ ಫ್ಯೂಸ್ ತುರುಕಿ ಮುಂದೆ ಹೋಗದೆ, ಯಾಕೆ ಸುಟ್ಟಿತು ಎಂದು ಹುಡುಕಬೇಕು.

ಸ್ಟೀರಿಯೋ ವೈರಿನಿಂದ ತೆಗೆದುಕೊಂಡಿದ್ದನ್ನು ಇಂದೇ ಬಿಡಿಸಿಬಿಡಿ. 5 ಮೀಟರ್ ಸ್ಟ್ರಿಪ್ ಮೀಟರಿಗೆ 14.4 ವ್ಯಾಟಿನದಾದರೆ ಒಟ್ಟು 72 ವ್ಯಾಟ್, 6 ಆಂಪಿಯರ್. ಸ್ಟೀರಿಯೋಗೆ ಬರುವ ವೈರ್ ಅಷ್ಟು ಹೊರೆಗೆ ಮಾಡಿದ್ದಲ್ಲ.

ನಿವೃತ್ತ ಪಾಲಿಟೆಕ್ನಿಕ್ ಅಧ್ಯಾಪಕ, ಮಂಡ್ಯ:

ಮೇಲಿನವರು ಹೇಳಿದ್ದು ಸರಿಯಾಗಿದೆ. ವೈರಿನ ದಪ್ಪದ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಮನೆಯ ವೈರಿಂಗ್ ಅಭ್ಯಾಸವಿರುವವರು ಎಡವುವುದು ಅಲ್ಲಿಯೇ.

ಮನೆಯಲ್ಲಿ 24 ವ್ಯಾಟಿನ ದೀಪ 230 ವೋಲ್ಟಿನಲ್ಲಿ ಸುಮಾರು 0.1 ಆಂಪಿಯರ್ ಎಳೆಯುತ್ತದೆ. ಅದೇ 24 ವ್ಯಾಟ್ 12 ವೋಲ್ಟಿನಲ್ಲಿ 2 ಆಂಪಿಯರ್. ಕರೆಂಟ್ ಸುಮಾರು ಇಪ್ಪತ್ತು ಪಟ್ಟಾದರೆ ವೈರಿನಲ್ಲಿ ಕಳೆದುಹೋಗುವ ವೋಲ್ಟೇಜೂ ಅಷ್ಟೇ ಪಟ್ಟಾಗುತ್ತದೆ. ಕಳೆದುಕೊಳ್ಳಲು ಇರುವುದೋ ಬರೀ 12. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಕಳುಹಿಸಿದಾಗ ವೋಲ್ಟೇಜನ್ನು ಬಹಳ ಮೇಲಕ್ಕೆ ಏರಿಸಿ ಕಳುಹಿಸಿದ್ದು ಇದೇ ಕಾರಣಕ್ಕೆ. ತರಗತಿಯಲ್ಲಿ ಈ ಉದಾಹರಣೆ ಕೊಟ್ಟಾಗ ಮಳವಳ್ಳಿ ಕಡೆಯ ಹುಡುಗರ ಮುಖ ಅರಳುತ್ತಿತ್ತು. ವಾಹನದಲ್ಲಿ ವೋಲ್ಟೇಜ್ ಏರಿಸಲು ನಮಗೆ ದಾರಿಯಿಲ್ಲ. ಉಳಿದಿರುವುದು ವೈರನ್ನು ದಪ್ಪ ಮಾಡುವುದೊಂದೇ.

ಲೆಕ್ಕ ಹೀಗೆ. ಬ್ಯಾಟರಿಯಿಂದ ಹಿಂದಿನ ದೀಪದವರೆಗೆ ವೈರ್ ಸಾಗುವ ದಾರಿ 4 ಮೀಟರ್, ಹಿಂದಿರುಗುವ ದಾರಿ 4 ಮೀಟರ್, ಒಟ್ಟು 8 ಮೀಟರ್. 0.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಇಷ್ಟು ಉದ್ದಕ್ಕೆ 0.28 ಓಮ್ ಪ್ರತಿರೋಧ ಇರುತ್ತದೆ. ತಮ್ಮ ಹಳೆಯ ಸ್ಟ್ರಿಪ್ಪಿನ 6 ಆಂಪಿಯರಿಗೆ ಅಲ್ಲೇ 1.7 ವೋಲ್ಟ್ ಹೋಯಿತು. 1.5 ಚದರ ಮಿ.ಮೀ. ವೈರ್ ಹಾಕಿ 2 ಆಂಪಿಯರ್ ಎಳೆದರೆ ಹೋಗುವುದು 0.2 ವೋಲ್ಟಿಗೂ ಕಡಿಮೆ. ಅದು ಲೆಕ್ಕಕ್ಕಿಲ್ಲ.

ವೈರ್ ಅನೇಕ ಎಳೆಗಳದ್ದೇ ಆಗಿರಬೇಕು. ಒಂಟಿ ಎಳೆಯ ಗಟ್ಟಿ ವೈರ್ ಗೋಡೆಯೊಳಗೆ ಎಷ್ಟು ವರ್ಷವಾದರೂ ಇರುತ್ತದೆ, ಆದರೆ ವಾಹನದ ಅದುರುವಿಕೆಗೆ ಟರ್ಮಿನಲ್ಲಿನ ಬುಡದಲ್ಲಿ ಮುರಿಯುತ್ತದೆ.

ಬ್ಯಾಟರಿಯ ಭಯಕ್ಕೆ ಉತ್ತರ: 2 ಆಂಪಿಯರ್ 3 ಗಂಟೆಗೆ 6 ಆಂಪಿಯರ್-ಅವರ್. ಪೂರ್ಣ ಚಾರ್ಜ್ ಇರುವ 35ರಲ್ಲಿ ಅದು ಆರನೆಯ ಒಂದು ಭಾಗ. ಬೆಳಗ್ಗೆ ವಾಹನ ಸ್ಟಾರ್ಟ್ ಆಗುತ್ತದೆ. ಆದರೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿ ಮತ್ತೆ ನಿಲ್ಲಿಸುವುದು ಅಭ್ಯಾಸವಾಗಿದ್ದರೆ ಕಳೆದುದು ತುಂಬಿಕೊಳ್ಳುವುದಿಲ್ಲ. ರಾತ್ರಿಯಿಂದ ರಾತ್ರಿಗೆ ಕೊರತೆ ಬೆಳೆಯುತ್ತದೆ. ವಾಹನ ನಿಂತು ಕೆಲವು ಗಂಟೆಯಾದ ಮೇಲೆ ಮೀಟರಿನಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿಯಾಗಿದೆ. ಸ್ಟಾರ್ಟಿಂಗ್ ಬ್ಯಾಟರಿಯನ್ನು ಅದಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ.

ಬನ್ನಿಮಂಟಪ ಬಡಗಿ:

ನಾನು ಎಲೆಕ್ಟ್ರಿಕ್ ಕೆಲಸದವನಲ್ಲ, ಬಡಗಿ. ನನ್ನ ಉಪಕರಣಗಳ ವ್ಯಾನಿಗೆ ಎರಡು ಬಾರಿ ದೀಪ ಹಾಕಿಸಿ ಕಲಿತದ್ದನ್ನು ಬರೆಯುತ್ತೇನೆ. ಮೊದಲ ಬಾರಿ ಚಾವಣಿಯ ನಟ್ಟನಡುವೆ ಒಂದು ದೊಡ್ಡ ದೀಪ ಹಾಕಿಸಿದೆ. ಹಿಂದಿನ ಬಾಗಿಲು ಎತ್ತಿ ಒಳಗೆ ಬಗ್ಗಿದ ಕೂಡಲೇ ನನ್ನ ತಲೆಯ ನೆರಳೇ ಅರೆಯ ಮೇಲೆ ಬೀಳುತ್ತಿತ್ತು. ಬೆಳಕು ಎಷ್ಟು ಜಾಸ್ತಿ ಮಾಡಿದರೂ ನೆರಳು ನೆರಳೇ. ಎರಡನೆಯ ಬಾರಿ ದೀಪಗಳನ್ನು ಎರಡು ಬದಿಗೆ, ಚಾವಣಿಯೂ ಗೋಡೆಯೂ ಸೇರುವ ಮೂಲೆಯಲ್ಲಿ, ಎದುರು ಬದಿಯ ಅರೆಗೆ ಬೆಳಕು ಬೀಳುವಂತೆ ಓರೆಯಾಗಿ ಕೂರಿಸಿದೆ. ಎಡದ ದೀಪ ಬಲದ ಡಬ್ಬಿಗಳನ್ನು ತೋರಿಸುತ್ತದೆ, ಬಲದ್ದು ಎಡದವನ್ನು. ಮಧ್ಯೆ ನಿಂತವನ ನೆರಳು ಯಾವುದರ ಮೇಲೂ ಪೂರ್ತಿ ಬೀಳುವುದಿಲ್ಲ. ದೀಪದ ಮುಖ ಕಣ್ಣಿಗೆ ನೇರವಾಗಿ ಕಾಣದಂತೆ ಮುಂದೆ ಅರ್ಧ ಇಂಚಿನ ಮರದ ಪಟ್ಟಿ ಹೊಡೆದಿದ್ದೇನೆ. ಹಾಲಿನ ಬಣ್ಣದ ಕವರ್ ಇರುವ ದೀಪವಾದರೆ ಇನ್ನೂ ಉತ್ತಮ.

ಚಾವಣಿಯ ತಗಡಿಗೆ ನೇರವಾಗಿ ಸ್ಕ್ರೂ ಹೊಡೆಯಲು ಮಾತ್ರ ಯಾರಿಗೂ ಬಿಡಬೇಡಿ. ನನ್ನ ಹಳೆಯ ವ್ಯಾನಿಗೆ ಹಾಗೆ ಮಾಡಿದ್ದರಿಂದ ಮೊದಲ ಮುಂಗಾರಿನಲ್ಲೇ ನೀರು ಸೋರಿ ಒಂದು ಪೆಟ್ಟಿಗೆ ಉಳಿಗಳು ತುಕ್ಕು ಹಿಡಿದವು. ಒಳಗಿನ ಅಡ್ಡಪಟ್ಟಿಗಳಿಗೆ ಪ್ಲೈವುಡ್ ರೀಪರ್ ಬಿಗಿದು, ದೀಪವನ್ನು ರೀಪರಿಗೆ ಹಾಕಬೇಕು. ತಗಡಿನಲ್ಲಿ ರಂಧ್ರ ಕೊರೆಯಲೇಬೇಕಾದಲ್ಲಿ ಅಂಚಿಗೆ ಕೂಡಲೇ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ವೈರ್ ಹಾಯಿಸಬೇಕು.

ಬಣ್ಣದ ಬಗ್ಗೆಯೂ ಒಂದು ಮಾತು. ಅಂಗಡಿಯವರು ನೀಲಿ ಛಾಯೆಯ 6500 ಕೆಲ್ವಿನ್ ಬಿಳಿ ದೀಪವನ್ನೇ ಕೊಡುತ್ತಾರೆ. ಅದರಲ್ಲಿ ತೇಗವೂ ಹೊನ್ನೆಯೂ ನನಗೆ ಒಂದೇ ಥರ ಕಾಣುತ್ತಿದ್ದವು. ನೀಲಿ ಛಾಯೆ ಕಡಿಮೆಯಿರುವ 4000 ಕೆಲ್ವಿನ್ ದೀಪ ಕೇಳಿ ತರಿಸಿಕೊಂಡೆ.

ಪಾಂಡವಪುರ ಪಂಪ್‌ಸೆಟ್:

ಬಡಗಿ ಅಣ್ಣನವರ ಕೊನೆಯ ಮಾತು ನನ್ನ ಕೆಲಸಕ್ಕೆ ನೇರವಾಗಿ ಹೊಂದುತ್ತದೆ. ಮೋಟಾರ್ ಬಿಚ್ಚಿದಾಗ ವೈಂಡಿಂಗ್ ಸುಟ್ಟಿದೆಯೋ ಇಲ್ಲವೋ ಎಂದು ನಾವು ಮೊದಲು ನೋಡುವುದು ಎನಾಮೆಲ್ ತಂತಿಯ ಬಣ್ಣವನ್ನು. ಸುಟ್ಟಿದ್ದು ಕಪ್ಪಾಗಿರುತ್ತದೆ, ಆದರೆ ಬಿಸಿಯಾಗಿ ಸುಡುವ ಅಂಚಿಗೆ ಬಂದದ್ದು ಸ್ವಲ್ಪ ಗಾಢ ಕಂದು ಅಷ್ಟೇ. ಹಳೆಯ ಸ್ಟ್ರಿಪ್ಪಿನ ಬೆಳಕಿನಲ್ಲಿ ಆ ವ್ಯತ್ಯಾಸ ನನಗೆ ಸಿಗುತ್ತಲೇ ಇರಲಿಲ್ಲ. ಕೇಬಲ್ಲಿನ ಕೆಂಪು ಎಳೆಯೂ ಮಂಕಾಗಿ ಕಾಣುತ್ತಿತ್ತು.

ಒಂದು ಪ್ರಶ್ನೆ ಉಳಿದಿದೆ. ಬಾಗಿಲು ತೆರೆದ ಕೂಡಲೇ ದೀಪ ತಾನಾಗಿ ಹೊತ್ತಿಕೊಳ್ಳುವಂತೆ ಮಾಡಬಹುದೇ? ಎರಡೂ ಕೈಯಲ್ಲಿ ಮೋಟಾರ್ ಹಿಡಿದು ಬಂದಾಗ ಸ್ವಿಚ್ ಹುಡುಕುವುದು ಕಷ್ಟ.

ಹೆಬ್ಬಾಳ ಆಟೋ ಎಲೆಕ್ಟ್ರಿಕಲ್ಸ್:

ಬಣ್ಣ ಗುರುತಿಸುವ ಕೆಲಸವಿದ್ದರೆ ದೀಪದ ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಅಂಕಿ ನೋಡಿ. ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದರ ಅಳತೆ ಅದು. 80ಕ್ಕಿಂತ ಮೇಲಿರಬೇಕು, 90 ಇದ್ದರೆ ಇನ್ನೂ ಒಳ್ಳೆಯದು. ಬರೀ ವ್ಯಾಟ್ ನೋಡಿ ಕೊಂಡರೆ ಇದು ತಿಳಿಯುವುದಿಲ್ಲ.

ಬಾಗಿಲಿನ ಸ್ವಿಚ್ ಬಳಸಬಹುದು, ಆದರೆ ದೀಪವನ್ನು ಅದಕ್ಕೆ ನೇರವಾಗಿ ಸೇರಿಸಬಾರದು. ಅನೇಕ ವಾಹನಗಳಲ್ಲಿ ಬಾಗಿಲಿನ ಸ್ವಿಚ್ ನೆಗೆಟಿವ್ ಬದಿಯನ್ನು ಕತ್ತರಿಸುತ್ತದೆ; ಬಾಗಿಲು ತೆರೆದಾಗ ಅದರ ವೈರ್ ಬಾಡಿಗೆ ಸೇರುತ್ತದೆ. ಆ ಸಣ್ಣ ಸ್ವಿಚ್ ಒಂದು ಪುಟ್ಟ ಬಲ್ಬಿಗೆ ಮಾಡಿದ್ದು. ಆದ್ದರಿಂದ ಅದರಿಂದ ನಾಲ್ಕು ಪಿನ್ನಿನ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್, ಎಳೆಯಿಸಬೇಕು. ರಿಲೇಯ ಪಿನ್ನುಗಳ ಮೇಲೆ ಸಂಖ್ಯೆ ಬರೆದಿರುತ್ತದೆ: ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ವೈರನ್ನು 30 ಮತ್ತು 86ಕ್ಕೆ, ಬಾಗಿಲಿನ ಸ್ವಿಚ್ಚಿನ ವೈರನ್ನು 85ಕ್ಕೆ, ದೀಪವನ್ನು 87ಕ್ಕೆ ಕೊಡಬೇಕು. 86ನ್ನು ಕೀಲಿಯಿಂದ ಬರುವ ವೈರಿಗೆ ಕೊಡಬೇಡಿ. ಹಾಗೆ ಮಾಡಿದರೆ ಕೀಲಿ ತೆಗೆದ ಮೇಲೂ ರೂಫ್ ಲ್ಯಾಂಪಿನ ಮೂಲಕ ಕರೆಂಟ್ ಹಿಮ್ಮುಖವಾಗಿ ನುಸುಳುವ ದಾರಿ ಉಂಟಾಗುತ್ತದೆ.

ಇಷ್ಟು ಹೇಳಿದ ಮೇಲೂ ತಮಗೆ ನನ್ನ ಸಲಹೆ ಬೇರೆ. ಹಗಲಿನಲ್ಲಿ ಬಾಗಿಲು ತೆರೆದಿಟ್ಟು ಗಂಟೆಗಟ್ಟಲೆ ಕೆಲಸ ಮಾಡುವವರಿಗೆ ಬಾಗಿಲಿನ ಸ್ವಿಚ್ ಬ್ಯಾಟರಿಯನ್ನು ವೃಥಾ ತಿನ್ನುತ್ತದೆ. ಹಿಂದಿನ ಬಾಗಿಲಿನ ಪಕ್ಕದ ಕಂಬದಲ್ಲಿ, ಮೊಣಕೈಗೆ ಎಟಕುವಂತೆ, ಒಳಗೆ ಕೆಂಪು ದೀಪವಿರುವ ದೊಡ್ಡ ರಾಕರ್ ಸ್ವಿಚ್ ಹಾಕಿಸಿಕೊಳ್ಳಿ. ಮೊಣಕೈಯಿಂದಲೇ ಒತ್ತಬಹುದು. ಮರೆತು ಹೋದೀತೆಂಬ ಭಯವಿದ್ದರೆ 12 ವೋಲ್ಟಿಗೆ ಇಳಿದಾಗ ತಾನೇ ಆರಿಸುವ ಲೋ ವೋಲ್ಟೇಜ್ ಕಟ್‌ಆಫ್ ಮಾಡ್ಯೂಲ್ ಸಿಗುತ್ತದೆ.

ನಂಜನಗೂಡು ರಸ್ತೆ ಕೇಟರಿಂಗ್:

ಇಷ್ಟೆಲ್ಲ ತೊಂದರೆ ಏಕೆ ಎಂಬುದು ನನ್ನ ಅಭಿಪ್ರಾಯ. ಅಯಸ್ಕಾಂತವಿರುವ ರೀಚಾರ್ಜ್ ದೀಪಗಳು ಸಿಗುತ್ತವೆ. ನಾನು ಎರಡನ್ನು ತಗಡಿಗೆ ಅಂಟಿಸಿದ್ದೇನೆ, ವೈರಿಂಗ್ ಇಲ್ಲ, ಬ್ಯಾಟರಿಯ ಚಿಂತೆಯಿಲ್ಲ. ಮದುವೆ ಮನೆಯಲ್ಲಿ ಪಾತ್ರೆ ಇಳಿಸುವಾಗ ತೆಗೆದು ಕೈಯಲ್ಲೂ ಹಿಡಿಯಬಹುದು.

ಪಾಂಡವಪುರ ಪಂಪ್‌ಸೆಟ್:

ತಮ್ಮ ಮಾತಿನಲ್ಲಿ ಸತ್ಯವಿದೆ. ಬಾವಿಯ ಪಕ್ಕಕ್ಕೆ ಒಯ್ಯಲು ಅಂಥದೊಂದು ನನ್ನಲ್ಲಿದೆ. ಆದರೆ ಮಧ್ಯರಾತ್ರಿ ಅದರ ಚಾರ್ಜ್ ಮುಗಿದುಹೋದ ಅನುಭವ ನನಗೆ ಒಂದಕ್ಕಿಂತ ಹೆಚ್ಚು ಬಾರಿ ಆಗಿದೆ. ವ್ಯಾನಿನಲ್ಲಿ ಸ್ಥಿರವಾದ ದೀಪ ಬೇಕೇ ಬೇಕು.

ಮೇಟಗಳ್ಳಿ ಡ್ರೈವರ್:

ವೈರ್ ಹಾಯುವ ದಾರಿಯ ಬಗ್ಗೆ ನನಗಾದ ಒಂದು ಅನುಭವವನ್ನು ಹೇಳಲೇಬೇಕು. ಮೂರು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ನನ್ನ ಡೆಲಿವರಿ ವ್ಯಾನಿಗೆ ದೀಪ ಹಾಕಿಸಿದ್ದೆ. ಕ್ಯಾಬಿನ್ನಿನ ಹಿಂದಿನ ತಗಡಿನಲ್ಲಿ ರಂಧ್ರ ಕೊರೆದು, ರಬ್ಬರ್ ಗ್ರೊಮೆಟ್ (ರಂಧ್ರದ ಅಂಚಿಗೆ ಕೂರಿಸುವ ಬಳೆ) ಹಾಕದೆ, ವೈರನ್ನು ಹಾಗೆಯೇ ಹಾಯಿಸಿದ್ದರು. ಏಳೆಂಟು ತಿಂಗಳು ಏನೂ ಆಗಲಿಲ್ಲ. ಒಂದು ಸಂಜೆ ಶ್ರೀರಂಗಪಟ್ಟಣ ದಾಟುವಾಗ ಸುಟ್ಟ ವಾಸನೆ ಬಂದು, ನಿಲ್ಲಿಸಿ ನೋಡಿದರೆ ಸೀಟಿನ ಕೆಳಗೆ ಹೊಗೆ. ತಗಡಿನ ಅಂಚು ಇನ್ಸುಲೇಷನ್ನನ್ನು ದಿನಕ್ಕಿಷ್ಟು ಎಂದು ಕೊಯ್ದು ತಾಮ್ರ ಬಾಡಿಗೆ ತಾಗಿತ್ತು. ಬ್ಯಾಟರಿಯ ಬಳಿ ಫ್ಯೂಸ್ ಇರಲಿಲ್ಲ. ಬ್ಯಾಟರಿ ಟರ್ಮಿನಲ್ ಕಿತ್ತು ಹಾಕುವಷ್ಟರಲ್ಲಿ ನನ್ನ ಬೆರಳು ಸುಟ್ಟಿತು. ಅಂದು ಸರಕಿನ ಜೊತೆ ನನ್ನ ಮಗನೂ ವಾಹನದಲ್ಲಿದ್ದ.

ಆಮೇಲೆ ಎಲ್ಲವನ್ನೂ ನಾನೇ ಪಕ್ಕದಲ್ಲಿ ನಿಂತು ಮಾಡಿಸಿದೆ. ಪ್ರತಿ ರಂಧ್ರಕ್ಕೂ ಗ್ರೊಮೆಟ್, ವೈರಿಗೆ ಉದ್ದಕ್ಕೂ ಸುಕ್ಕುಸುಕ್ಕಿನ ಫ್ಲೆಕ್ಸಿಬಲ್ ಪೈಪ್, ಒಂದೊಂದು ಗೇಣಿಗೆ ಕೇಬಲ್ ಟೈ. ಜೋಡಣೆಗಳನ್ನು ತಿರುಚಿ ಟೇಪ್ ಸುತ್ತಲು ಬಿಡಲಿಲ್ಲ. ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ವೈರಿನ ತುದಿಗೆ ಥಿಂಬಲ್ (ಒತ್ತಿ ಬಿಗಿಯುವ ಲೋಹದ ಕೊಳವೆ) ಒತ್ತಿಸಿ, ಮೇಲೆ ಶಾಖಕ್ಕೆ ಕುಗ್ಗುವ ಸ್ಲೀವ್ ಹಾಕಿಸಿದೆ. ಹಳ್ಳಿಯಲ್ಲಿ ನಿಲ್ಲಿಸುವವರಾದರೆ ಇಲಿಗಳ ಬಗ್ಗೆಯೂ ಎಚ್ಚರವಿರಲಿ, ವೈರ್ ಕಡಿಯಲು ಅವಕ್ಕೆ ಒಂದು ರಾತ್ರಿ ಸಾಕು.

ಗುತ್ತಲು ರಸ್ತೆ ಮಂಡ್ಯ:

ದೀಪ ಹಾಕಿಕೊಂಡೇ ರಸ್ತೆಯಲ್ಲಿ ಓಡಿಸಬಾರದು ಎಂಬುದನ್ನೂ ಸೇರಿಸಿಕೊಳ್ಳಿ. ಹಿಂದಿನ ಗಾಜಿನಿಂದ ಬಿಳಿ ಬೆಳಕು ಹೊರಗೆ ಚೆಲ್ಲಿದರೆ ಹಿಂದೆ ಬರುವವರಿಗೆ ವಾಹನ ಎದುರು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ. ವಾಹನದ ರಚನೆಯನ್ನೇ ಬದಲಿಸುವ ಕೆಲಸಗಳಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇದೆ. ಒಳಗೆ ಒಂದೆರಡು ದೀಪ ಹಾಕುವುದು ಆ ಮಟ್ಟದ್ದಲ್ಲವಾದರೂ, ಹೊರಗೆ ಕಾಣುವ ಬಣ್ಣದ ದೀಪಗಳ ಗೊಡವೆಗೆ ಹೋಗಬೇಡಿ.

ಪಾಂಡವಪುರ ಪಂಪ್‌ಸೆಟ್:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಕೆಲಸ ಮುಗಿಯಿತು. ಎರಡು ಭಾನುವಾರ ಹಿಡಿಯಿತು. ಅದರಲ್ಲಿ ಒಂದೂವರೆ ದಿನ ವೈರಿಗೇ ಹೋಯಿತು, ದೀಪ ಕೂರಿಸಿದ್ದು ಅರ್ಧ ದಿನದಲ್ಲಿ.

ಬ್ಯಾಟರಿಯ ಪಕ್ಕದಲ್ಲೇ ಮುಚ್ಚಳವಿರುವ ಹೋಲ್ಡರಿನಲ್ಲಿ 5 ಆಂಪಿಯರ್ ಫ್ಯೂಸ್ ಇದೆ. ಅಲ್ಲಿಂದ 1.5 ಚದರ ಮಿ.ಮೀ. ವೈರ್ ಫ್ಲೆಕ್ಸಿಬಲ್ ಪೈಪಿನೊಳಗೆ ನೆಲದ ಅಂಚಿನಲ್ಲಿ ಸಾಗಿ ಹಿಂದಿನ ಬಲಗಂಬದ ಸ್ವಿಚ್ಚಿಗೆ ಬರುತ್ತದೆ. ನೆಗೆಟಿವ್ ವೈರನ್ನು ಬಾಡಿಗೆ ಕೊಡುವ ಬದಲು ಜೊತೆಯಲ್ಲೇ ಬ್ಯಾಟರಿಯವರೆಗೆ ಎಳೆದೆ, ಏಕೆಂದರೆ ನನ್ನ ಹಳೆಯ ಗಾಡಿಯ ತಗಡಿನಲ್ಲಿ ತುಕ್ಕು ಎಲ್ಲಿದೆ ಎಲ್ಲಿಲ್ಲ ಎಂದು ಹೇಳುವುದೇ ಕಷ್ಟ. 6 ವ್ಯಾಟಿನ ನಾಲ್ಕು ಬಾರ್ ಲೈಟ್, 4000 ಕೆಲ್ವಿನ್, ಎರಡು ಎಡಕ್ಕೆ ಎರಡು ಬಲಕ್ಕೆ, ಬಡಗಿ ಅಣ್ಣನವರು ಹೇಳಿದಂತೆ ಓರೆಯಾಗಿ, ರೀಪರಿನ ಮೇಲೆ. ಸ್ವಿಚ್ ಎರಡು ಹಾಕಿದ್ದೇನೆ. ಬರೀ ಡಬ್ಬಿ ಹುಡುಕಬೇಕಾದರೆ ಒಂದು ಬದಿಯವು ಮಾತ್ರ ಉರಿಯುತ್ತವೆ.

ಮೀಟರ್ ಹಿಡಿದು ನೋಡಿದೆ. ಎಂಜಿನ್ ನಿಂತು, ನಾಲ್ಕೂ ದೀಪ ಉರಿಯುತ್ತಿರುವಾಗ ಬ್ಯಾಟರಿಯಲ್ಲಿ 12.5, ಕೊನೆಯ ದೀಪದಲ್ಲಿ 12.3 ವೋಲ್ಟ್. ಅಧ್ಯಾಪಕರ ಲೆಕ್ಕಕ್ಕೆ ತಾಳೆಯಾಯಿತು. ಮೊನ್ನೆ ನಾಲೆಯ ಪಕ್ಕದ ಒಂದು ತೋಟದಲ್ಲಿ ಮೂರು ಗಂಟೆಗೆ ಸ್ವಲ್ಪ ಕಡಿಮೆ ಹೊತ್ತು ಉರಿಸಿದೆ, ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಕೀಲಿ ನನ್ನ ಜೇಬಿನಲ್ಲಿತ್ತು. ಇನ್ನೊಂದು ವಿಷಯ, ನೀಲಿ ಬಿಳುಪಿನ ಹಳೆಯ ಸ್ಟ್ರಿಪ್ಪಿಗೆ ಗದ್ದೆಯ ಹುಳುಗಳು ಮುತ್ತುತ್ತಿದ್ದಷ್ಟು ಈ ದೀಪಕ್ಕೆ ಮುತ್ತಲಿಲ್ಲ.

ಒಂದು ಸಂದೇಹ. ಎಂಜಿನ್ ಸ್ಟಾರ್ಟ್ ಮಾಡುವ ಕ್ಷಣದಲ್ಲಿ ದೀಪಗಳು ಒಮ್ಮೆ ಮಿಟುಕುತ್ತವೆ. ದೋಷವೇನಾದರೂ ಇದೆಯೇ?

ಹೆಬ್ಬಾಳ ಆಟೋ ಎಲೆಕ್ಟ್ರಿಕಲ್ಸ್:

ದೋಷವಲ್ಲ. ಸ್ಟಾರ್ಟರ್ ಎಳೆಯುವಾಗ ಬ್ಯಾಟರಿಯ ವೋಲ್ಟೇಜ್ ಕ್ಷಣಕಾಲ ಬಹಳ ಕೆಳಗೆ ಬೀಳುತ್ತದೆ. ದೀಪದ ಡ್ರೈವರಿಗೆ ಬೇಕಾದ ಕನಿಷ್ಠ ವೋಲ್ಟೇಜ್ ಸಿಗದೆ ಅದು ಮಿಟುಕುತ್ತದೆ. ಸ್ಟಾರ್ಟ್ ಮಾಡುವ ಮೊದಲು ದೀಪ ಆರಿಸುವ ಅಭ್ಯಾಸ ಮಾಡಿಕೊಂಡರೆ ಡ್ರೈವರಿಗೂ ಒಳ್ಳೆಯದು. ನೆಗೆಟಿವನ್ನು ಬ್ಯಾಟರಿಯವರೆಗೆ ಎಳೆದದ್ದು ಬಹಳ ಒಳ್ಳೆಯ ನಿರ್ಧಾರ. ತಿಂಗಳಾದ ಮೇಲೆ ಬ್ಯಾಟರಿ ಟರ್ಮಿನಲ್ಲಿನ ನಟ್ ಮತ್ತು ಫ್ಯೂಸ್ ಹೋಲ್ಡರನ್ನು ಒಮ್ಮೆ ಕೈಯಲ್ಲಿ ಮುಟ್ಟಿ ನೋಡಿ. ದೀಪ ಅರ್ಧ ಗಂಟೆ ಉರಿದ ಮೇಲೂ ಹೋಲ್ಡರ್ ತಣ್ಣಗಿದ್ದರೆ ಜೋಡಣೆ ಬಿಗಿಯಾಗಿದೆ. ಬೆಚ್ಚಗಿದ್ದರೆ ಬಿಚ್ಚಿ ಮತ್ತೆ ಥಿಂಬಲ್ ಒತ್ತಬೇಕು.